ಕೀಲಿ ಕಳೆದ ಸರ್ವರ್: ರೂಟ್ ಪಾಸ್‌ವರ್ಡ್ ಇಲ್ಲದ ಲಿನಕ್ಸ್ ಯಂತ್ರವನ್ನು ವರ್ಚುವಲ್ ಯಂತ್ರವಾಗಿ ಪರಿವರ್ತಿಸುವುದು ಹೇಗೆ?

ಹಾನಗಲ್ಲ, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ದಲಾಲಿ ಅಂಗಡಿಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ ಹಾಗೂ ಬೀಜ ಸಂಸ್ಕರಣ ಘಟಕಗಳಲ್ಲಿ ರೋಜುಕಿರ್ದಿ, ಖಾತೆವಹಿಗಳ ಸ್ಥಾನವನ್ನು ಗಣಕಯಂತ್ರ ಆಕ್ರಮಿಸಿ ಬಹಳ ವರ್ಷಗಳಾದವು. ಕೆಂಪು ಬಟ್ಟೆಯ ವಹಿಗೆ ಕೀಲಿ ಬೇಕಿರಲಿಲ್ಲ. ತೆರೆದು ಓದಿದರೆ ಸಾಕಿತ್ತು. ಗಣಕಯಂತ್ರದೊಳಗಿನ ಲೆಕ್ಕಕ್ಕೆ ಕೀಲಿ ಉಂಟು. ಆ ಕೀಲಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಬಹುತೇಕ ಮಾಲೀಕರು ಯಂತ್ರ ಕೆಡುವವರೆಗೆ ಕೇಳಿಕೊಳ್ಳುವುದಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹಿರೇಕೆರೂರಿನಲ್ಲಿ ಗೋವಿನಜೋಳದ ಬೀಜ ಸಂಸ್ಕರಿಸುವ ಒಂದು ಪಾಲುದಾರಿಕೆ ಸಂಸ್ಥೆ. ಹಾನಗಲ್ಲಿನಲ್ಲಿ ಅದರ ಉಗ್ರಾಣ. 2012ರಲ್ಲಿ ಒಬ್ಬ ತಂತ್ರಜ್ಞರು ಸೆಂಟ್‌ಓಎಸ್ 6 ಎಂಬ ಲಿನಕ್ಸ್ ಆವೃತ್ತಿಯನ್ನು ಹಾಕಿ ಸರ್ವರ್ ಕೂಡಿಸಿಕೊಟ್ಟರು. ಖರೀದಿ, ಮಾರಾಟ, ದಾಸ್ತಾನು, ಉದ್ರಿ ಬಾಕಿ ಎಲ್ಲವೂ ಅದರಲ್ಲೇ ಇವೆ. ದಿವಾಣಜಿಯವರು ತಮ್ಮ ಹೆಸರಿನ ಪಾಸ್‌ವರ್ಡ್ ಹಾಕಿ ನಿತ್ಯ ಕೆಲಸ ಮಾಡುತ್ತಾರೆ. ಆದರೆ ಯಂತ್ರದ ಮೇಲೆ ಪೂರ್ಣ ಅಧಿಕಾರ ಕೊಡುವ ‘ರೂಟ್’ ಪಾಸ್‌ವರ್ಡ್ ಆ ತಂತ್ರಜ್ಞರೊಂದಿಗೆ ಹೋಯಿತು. ಅವರು ಊರು ಬಿಟ್ಟು ವರ್ಷಗಳೇ ಸಂದಿವೆ. ಈಗ ಯಂತ್ರದ ಹಾರ್ಡ್‌ಡಿಸ್ಕ್ ಸದ್ದು ಮಾಡಲಾರಂಭಿಸಿದೆ. ಅದೇ ಮಾದರಿಯ ಮದರ್‌ಬೋರ್ಡ್ ಪೇಟೆಯಲ್ಲಿ ಸಿಗುವುದಿಲ್ಲ. ಮಾಲೀಕರು ಏನು ಮಾಡಬೇಕು?

ಸವಕಳಿಯ ಲೆಕ್ಕದಲ್ಲಿ ಆ ಯಂತ್ರಕ್ಕೆ ಬೆಲೆಯೇ ಇಲ್ಲ. ₹50,000ಕ್ಕೆ ಕೊಂಡ ಗಣಕಯಂತ್ರಕ್ಕೆ ಶೇ. 40ರಂತೆ ಇಳಿಕೆ ಮೌಲ್ಯದ ಮೇಲೆ ಸವಕಳಿ ಕಳೆದರೆ ಐದು ವರ್ಷಗಳ ಕೊನೆಗೆ ಪುಸ್ತಕದಲ್ಲಿ ಉಳಿಯುವುದು ₹3,888 ಮಾತ್ರ. ಆದರೆ ಅದರೊಳಗಿರುವ ಬಾಕಿ ವಸೂಲಿಯ ದಾಖಲೆ ಲಕ್ಷಾಂತರ ರೂಪಾಯಿಗಳದ್ದು. ಅಢಾವೆ ಪತ್ರಿಕೆಯಲ್ಲಿ ಕಾಣದ ಈ ಆಸ್ತಿಯನ್ನು ಉಳಿಸಿಕೊಳ್ಳುವ ದಾರಿ ಇದೆ ಎಂಬುದನ್ನು ವರ್ತಕ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ರೂಟ್ ಎಂದರೇನು? ವರ್ಚುವಲ್ ಯಂತ್ರವೆಂದರೇನು?

ಲಿನಕ್ಸ್ ವ್ಯವಸ್ಥೆಯಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಅವನ ಕೆಲಸಕ್ಕೆ ತಕ್ಕಷ್ಟು ಅಧಿಕಾರ ಇರುತ್ತದೆ. ಎಲ್ಲ ಕಡತಗಳನ್ನು ಓದುವ, ತಿದ್ದುವ, ಅಳಿಸುವ, ಹೊಸ ಬಳಕೆದಾರರನ್ನು ಸೇರಿಸುವ ಅಧಿಕಾರ ಇರುವುದು ರೂಟ್ ಎಂಬ ಖಾತೆಗೆ. ಇದನ್ನು ಸಂಸ್ಥೆಯ ಮುಖ್ಯ ತಿಜೋರಿಯ ಕೀಲಿಗೆ ಹೋಲಿಸಬಹುದು.

ವರ್ಚುವಲ್ ಯಂತ್ರವೆಂದರೆ ತಂತ್ರಾಂಶದಿಂದಲೇ ನಿರ್ಮಿತವಾದ ಗಣಕಯಂತ್ರ. ಒಂದು ಹೊಸ ಯಂತ್ರದೊಳಗೆ ವರ್ಚುವಲ್‌ಬಾಕ್ಸ್, ವಿಎಂವೇರ್, ಕೆವಿಎಂ ಮೊದಲಾದ ತಂತ್ರಾಂಶ ಹಾಕಿದರೆ ಅದು ತನ್ನೊಳಗೆ ಮತ್ತೊಂದು ಯಂತ್ರವಿರುವಂತೆ ವರ್ತಿಸುತ್ತದೆ. ಹಳೆಯ ಸರ್ವರಿನ ಹಾರ್ಡ್‌ಡಿಸ್ಕ್ ಈ ಹೊಸ ವ್ಯವಸ್ಥೆಯಲ್ಲಿ ಒಂದು ದೊಡ್ಡ ಕಡತವಾಗಿ ಬದಲಾಗುತ್ತದೆ. ಹಳೆಯ ಲಿನಕ್ಸ್, ಹಳೆಯ ಲೆಕ್ಕದ ತಂತ್ರಾಂಶ, ಹಳೆಯ ದತ್ತಾಂಶ ಎಲ್ಲವೂ ಇದ್ದಂತೆಯೇ ನಡೆಯುತ್ತವೆ. ಕಬ್ಬಿಣ ಬದಲಾಗುತ್ತದೆ, ಲೆಕ್ಕ ಬದಲಾಗುವುದಿಲ್ಲ. ದೊಡ್ಡ ಗಣಕಯಂತ್ರಗಳಲ್ಲಿ ಐಬಿಎಂ ಸಂಸ್ಥೆ ಈ ವಿಧಾನವನ್ನು 1972ರಲ್ಲೇ ಮಾರುಕಟ್ಟೆಗೆ ತಂದಿತ್ತು. ಸಾಮಾನ್ಯ ಯಂತ್ರಗಳಿಗೆ ಅದು ವಿಎಂವೇರ್‌ನ ಮೂಲಕ 1999ರಲ್ಲಿ ಬಂತು. ಕೆವಿಎಂ 2007ರಲ್ಲಿ ಲಿನಕ್ಸಿನ ಭಾಗವೇ ಆಯಿತು.

ಕಾಯ್ದೆಯ ಮಾತು

ಹಳೆಯ ಲೆಕ್ಕ ಯಾರಿಗೆ ಬೇಕು ಎಂದು ಕೇಳುವವರಿಗೆ ಕೆಲವು ಅಂಶಗಳನ್ನು ನೆನಪಿಸಬೇಕಾಗಿದೆ.

1. ಕೇಂದ್ರ ಜಿಎಸ್‌ಟಿ ಕಾಯ್ದೆ, 2017ರ 36ನೆಯ ಕಲಮಿನಂತೆ, ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. 2023-24ನೆಯ ಸಾಲಿನ ಕೊನೆಯ ದಿನಾಂಕ 2024ರ ಡಿಸೆಂಬರ್ 31. ಆದ್ದರಿಂದ 2023ರ ಏಪ್ರಿಲ್ ತಿಂಗಳ ಬಿಲ್ಲು 2030ರ ಡಿಸೆಂಬರ್ 31ರವರೆಗೆ ಓದಲು ಸಿಗಬೇಕು. ಮೇಲ್ಮನವಿ ಬಾಕಿಯಿದ್ದರೆ ಅದು ಇತ್ಯರ್ಥವಾದ ಮೇಲೆ ಒಂದು ವರ್ಷ ಅಥವಾ ಈ ಅವಧಿ, ಯಾವುದು ನಂತರವೋ ಅಲ್ಲಿಯವರೆಗೆ.

2. ಜಿಎಸ್‌ಟಿ ನಿಯಮಾವಳಿಯ 57ನೆಯ ನಿಯಮದಂತೆ, ವಿದ್ಯುನ್ಮಾನ ದಾಖಲೆಗಳಿಗೆ ಸರಿಯಾದ ಬ್ಯಾಕಪ್ ಇರಬೇಕು. ಅಧಿಕಾರಿಗಳು ಕೇಳಿದಾಗ ಕಡತಗಳ ವಿವರ, ಅವುಗಳ ಪಾಸ್‌ವರ್ಡ್ ಹಾಗೂ ಬಳಸಿದ ಸಂಕೇತಗಳ ವಿವರಣೆಯನ್ನೂ ಒದಗಿಸಬೇಕು. ‘ಪಾಸ್‌ವರ್ಡ್ ತಂತ್ರಜ್ಞರ ಹತ್ತಿರ ಇತ್ತು’ ಎಂಬ ಉತ್ತರಕ್ಕೆ ಆ ನಿಯಮದಲ್ಲಿ ಜಾಗವಿಲ್ಲ.

3. ಕಂಪನಿಗಳಾದರೆ, 2013ರ ಕಂಪನಿ ಕಾಯ್ದೆಯ 128ನೆಯ ಕಲಮಿನಂತೆ ಎಂಟು ಹಣಕಾಸು ವರ್ಷಗಳ ಲೆಕ್ಕ ಇರಬೇಕು. 2023ರ ಏಪ್ರಿಲ್ 1ರಿಂದ ಪ್ರತಿಯೊಂದು ತಿದ್ದುಪಡಿಯ ಜಾಡನ್ನು ದಾಖಲಿಸುವ ತಂತ್ರಾಂಶವನ್ನೇ ಕಂಪನಿಗಳು ಬಳಸಬೇಕು.

4. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ದ 7ನೆಯ ಕಲಮಿನಂತೆ, ವಿದ್ಯುನ್ಮಾನ ರೂಪದಲ್ಲಿ ಕಾಪಾಡಿದ ದಾಖಲೆ ಮುಂದೆ ತೆಗೆದು ನೋಡಲು ಸಾಧ್ಯವಾಗುವಂತೆ ಇರಬೇಕು.

ಈ ಕೊನೆಯ ಅಂಶ ಮುಖ್ಯವಾದುದು. ಪೇಶ್ವೆಗಳ ಆಡಳಿತ ಈ ಸೀಮೆಗೆ ಹಬ್ಬಿದ್ದ ಕಾಲದಲ್ಲಿ ದಫ್ತರದ ಬರವಣಿಗೆಗೆ ಮೋಡಿ ಲಿಪಿ ರೂಢಿಯಲ್ಲಿತ್ತು. ಅಂಥ ಕಾಗದದ ಕಟ್ಟುಗಳು ಹಳೆಯ ವಾಡೆಗಳಲ್ಲಿ ಇಂದಿಗೂ ಸಿಗುತ್ತವೆ. ಓದಬಲ್ಲವರು ಸಿಗುವುದು ದುರ್ಲಭ. ತೆರೆಯಲಾಗದ ಸರ್ವರ್ ಕೂಡ ಅಂಥದೇ ಕಟ್ಟು.

ಮೊದಲ ಹೆಜ್ಜೆ: ಲಿಖಿತ ಅನುಮತಿ

ರೂಟ್ ಪಾಸ್‌ವರ್ಡ್ ಇಲ್ಲದೆ ಯಂತ್ರವನ್ನು ನಕಲು ಮಾಡುವುದು ತಾಂತ್ರಿಕವಾಗಿ ಸುಲಭವಾದ್ದರಿಂದಲೇ ಅದಕ್ಕೆ ಕಾನೂನಿನ ಕಟ್ಟುಪಾಡು ಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಕಲಮು, ಯಂತ್ರದ ಮಾಲೀಕನ ಅಥವಾ ಉಸ್ತುವಾರಿ ಹೊತ್ತವನ ಅನುಮತಿ ಇಲ್ಲದೆ ದತ್ತಾಂಶವನ್ನು ನಕಲು ಮಾಡುವುದನ್ನು ತಪ್ಪೆಂದು ಪರಿಗಣಿಸುತ್ತದೆ. ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ 66ನೆಯ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆದ್ದರಿಂದ ಶಾಖೆಯ ಗುಮಾಸ್ತರು ತಾವೇ ಮುಂದಾಗಿ ಈ ಕೆಲಸಕ್ಕೆ ಕೈ ಹಾಕಬಾರದು.

ಪಾಲುದಾರಿಕೆಯಾದರೆ ಎಲ್ಲ ಪಾಲುದಾರರ ಸಹಿಯ ಪತ್ರ, ಕಂಪನಿಯಾದರೆ ನಿರ್ದೇಶಕ ಮಂಡಳಿಯ ಠರಾವು ಇರಲಿ. ಅದರಲ್ಲಿ ಯಂತ್ರದ ಮಾದರಿ, ಡಿಸ್ಕಿನ ಕ್ರಮಸಂಖ್ಯೆ, ಕೆಲಸ ಮಾಡುವವರ ಹೆಸರು, ದಿನಾಂಕ ಮತ್ತು ಉದ್ದೇಶವನ್ನು ನಮೂದಿಸಬೇಕು. ಪಾಲುದಾರರಲ್ಲಿ ವ್ಯಾಜ್ಯವಿದ್ದರೆ ಅಥವಾ ಯಂತ್ರ ತನಿಖೆಗೆ ಒಳಪಟ್ಟಿದ್ದರೆ ವಕೀಲರ ಸಲಹೆ ಪಡೆಯದೆ ಮುಟ್ಟಬಾರದು. ಯಂತ್ರ ಬಾಡಿಗೆಯದಾಗಿದ್ದರೆ ಕರಾರು ಪತ್ರವನ್ನು ಮೊದಲು ಓದಬೇಕು.

ರೂಟ್ ಇಲ್ಲದೆ ನಕಲು ಹೇಗೆ ಸಾಧ್ಯ?

ರೂಟ್ ಪಾಸ್‌ವರ್ಡನ್ನು ಕೇಳುವುದು ಚಾಲನೆಯಲ್ಲಿರುವ ಹಳೆಯ ಲಿನಕ್ಸ್. ಆ ಲಿನಕ್ಸ್ ನಿದ್ರೆಯಲ್ಲಿದ್ದಾಗ ಕೇಳುವವರೇ ಇಲ್ಲ. ಯಂತ್ರವನ್ನು ನಿಲ್ಲಿಸಿ, ಕ್ಲೋನ್‌ಜಿಲ್ಲಾ ಅಥವಾ ಸಿಸ್ಟಮ್‌ರೆಸ್ಕ್ಯೂದಂಥ ಬೇರೊಂದು ಲಿನಕ್ಸನ್ನು ಪೆನ್‌ಡ್ರೈವ್‌ನಿಂದ ಚಾಲೂ ಮಾಡಿದರೆ, ಆ ಹೊಸ ವ್ಯವಸ್ಥೆಗೆ ಹಳೆಯ ಡಿಸ್ಕ್ ಬರಿಯ ಒಂದು ಉಗ್ರಾಣದಂತೆ ಕಾಣುತ್ತದೆ. ಅದರ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಯಥಾವತ್ ಪ್ರತಿ ತೆಗೆಯಬಹುದು. ಈ ಪ್ರತಿಗೆ ‘ಇಮೇಜ್’ ಎನ್ನುತ್ತಾರೆ.

ಯಂತ್ರ ಚಾಲನೆಯಲ್ಲಿರುವಾಗಲೇ ಪರಿವರ್ತನೆ ಮಾಡುವ ಸಾಧನಗಳೂ ಇವೆ. ಆದರೆ ಅವು ಲಿನಕ್ಸ್ ಯಂತ್ರಕ್ಕೆ ರೂಟ್ ಅಥವಾ ಅದಕ್ಕೆ ಸಮನಾದ ಅಧಿಕಾರವನ್ನು ಕೇಳುತ್ತವೆ. ನಮ್ಮ ಉದಾಹರಣೆಗೆ ಅವು ಒದಗುವುದಿಲ್ಲ. ಅಲ್ಲದೆ, ಲಾರಿಗೆ ಮಾಲು ಏರಿಸುತ್ತಿರುವಾಗಲೇ ಉಗ್ರಾಣದ ದಾಸ್ತಾನು ಎಣಿಸಿದರೆ ಲೆಕ್ಕ ತಪ್ಪುವಂತೆ, ನಮೂದುಗಳು ಬೀಳುತ್ತಿರುವಾಗ ತೆಗೆದ ಪ್ರತಿಯಲ್ಲಿ ಅರ್ಧ ವ್ಯವಹಾರ ಮಾತ್ರ ಸೇರುವ ಅಪಾಯವುಂಟು. ನಿಲ್ಲಿಸಿದ ಯಂತ್ರದ ಪ್ರತಿಯೇ ಲೆಕ್ಕಕ್ಕೆ ಉತ್ತಮ.

ಕೆಲಸದ ಕ್ರಮ ಹೀಗಿರಲಿ:

1. ವಹಿವಾಟು ಇಲ್ಲದ ದಿನವನ್ನು ಆರಿಸಿಕೊಳ್ಳಿ. ಎಲ್ಲರೂ ಲೆಕ್ಕದ ತಂತ್ರಾಂಶದಿಂದ ಹೊರಬರಲಿ. ತಂತ್ರಾಂಶದಲ್ಲೇ ಬ್ಯಾಕಪ್ ಸೌಲಭ್ಯವಿದ್ದರೆ ಅದರಿಂದ ಒಂದು ಪ್ರತಿಯನ್ನು ಮೊದಲೇ ತೆಗೆದಿಡಿ.

2. ತಾಳೆಪಟ್ಟಿ, ದಾಸ್ತಾನಿನ ಪಟ್ಟಿ, ಉದ್ರಿ ಬಾಕಿದಾರರ ಪಟ್ಟಿ ಮತ್ತು ಪ್ರತಿ ವಿಧದ ವೋಚರಿನ ಕೊನೆಯ ಸಂಖ್ಯೆಯನ್ನು ಮುದ್ರಿಸಿ ಸಹಿ ಮಾಡಿ ಇಟ್ಟುಕೊಳ್ಳಿ.

3. ಯಂತ್ರವನ್ನು ಕ್ರಮಬದ್ಧವಾಗಿ ನಿಲ್ಲಿಸಿ. ರೂಟ್ ಇಲ್ಲದಿದ್ದರೂ ಅನೇಕ ಯಂತ್ರಗಳಲ್ಲಿ ಪವರ್ ಗುಂಡಿಯನ್ನು ಒಮ್ಮೆ ಮಾತ್ರ ಒತ್ತಿ ಬಿಟ್ಟರೆ ವ್ಯವಸ್ಥೆ ತಾನಾಗಿ ಕಡತಗಳನ್ನು ಮುಚ್ಚಿಕೊಂಡು ನಿಲ್ಲುತ್ತದೆ. ಪ್ಲಗ್ ಕೀಳುವುದು ಕಟ್ಟಕಡೆಯ ಉಪಾಯ. ಅದರಿಂದ ದತ್ತಾಂಶ ಕೆಡಬಹುದು.

4. ಪೆನ್‌ಡ್ರೈವ್‌ನಿಂದ ಚಾಲೂ ಮಾಡಿ. ಯಂತ್ರದ ಬಯೋಸ್‌ಗೆ ಬೇರೆ ಪಾಸ್‌ವರ್ಡ್ ಇದ್ದು ಇದಕ್ಕೆ ತಡೆಯಾದರೆ ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಬಹುದು.

5. ಹಳೆಯ ಡಿಸ್ಕಿಗಿಂತ ದೊಡ್ಡದಾದ ಹೊಸ ಬಾಹ್ಯ ಡಿಸ್ಕಿಗೆ ಇಮೇಜ್ ತೆಗೆಯಿರಿ. ಸದ್ದು ಮಾಡುವ ಡಿಸ್ಕಿಗೆ ಡಿಡಿ-ರೆಸ್ಕ್ಯೂ ಎಂಬ ಉಪಕರಣ ಸೂಕ್ತ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಉಳಿಸಿಕೊಂಡು ಕೆಟ್ಟ ಭಾಗವನ್ನು ಆಮೇಲೆ ಪ್ರಯತ್ನಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಯಾವುದು ಮೂಲ ಡಿಸ್ಕ್, ಯಾವುದು ಗುರಿ ಡಿಸ್ಕ್ ಎಂಬುದು ಅದಲುಬದಲಾದರೆ ಖಾಲಿ ಡಿಸ್ಕಿನ ಪ್ರತಿ ಲೆಕ್ಕದ ಮೇಲೆ ಬಿದ್ದು ಸರ್ವಸ್ವವೂ ಅಳಿಸಿಹೋಗುತ್ತದೆ. ಎರಡರ ಕ್ರಮಸಂಖ್ಯೆ ಮತ್ತು ಗಾತ್ರವನ್ನು ಕಾಗದದ ಮೇಲೆ ಬರೆದುಕೊಂಡು, ಇಬ್ಬರು ನೋಡಿ ಒಪ್ಪಿದ ಮೇಲೆಯೇ ಆಜ್ಞೆ ಕೊಡಬೇಕು.

ಸಮಯದ ಅಂದಾಜನ್ನೂ ಹೇಳುವುದಾದರೆ, 500 ಜಿಬಿ ಡಿಸ್ಕನ್ನು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ನಕಲಿಸಲು ಸುಮಾರು ಒಂದೂವರೆ ಗಂಟೆ ಸಾಕು. ಹಳೆಯ ಯುಎಸ್‌ಬಿ 2 ಕಿಂಡಿಯಲ್ಲಿ 30 ಎಂಬಿ ವೇಗ ಸಿಕ್ಕರೆ ನಾಲ್ಕೂವರೆ ಗಂಟೆಗೂ ಹೆಚ್ಚು ಬೇಕು. ಅಷ್ಟು ಹೊತ್ತು ವಿದ್ಯುತ್ ಕೈಕೊಡದಂತೆ ಯುಪಿಎಸ್ ವ್ಯವಸ್ಥೆ ಇರಲಿ.

ಪ್ರತಿ ಮುಗಿದ ಕೂಡಲೆ ಅದರ ‘ಹ್ಯಾಶ್’ ಮೌಲ್ಯವನ್ನು ಎಸ್‌ಎಚ್‌ಎ 256 ವಿಧಾನದಲ್ಲಿ ಲೆಕ್ಕಹಾಕಿ ಬರೆದಿಡಬೇಕು. ಇಮೇಜಿನ ಒಂದೇ ಒಂದು ಅಕ್ಷರ ಬದಲಾದರೂ ಈ ಮೌಲ್ಯ ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಕೊಡಬೇಕಾದ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗುತ್ತದೆ. ಉದ್ರಿ ವಸೂಲಿಗಾಗಿ ದಾವೆ ಹೂಡುವ ವರ್ತಕರಿಗೆ ಇದರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ.

ಎಲ್ಲಿ ಈ ದಾರಿ ಮುಚ್ಚಿಹೋಗುತ್ತದೆ?

ಡಿಸ್ಕನ್ನೇ ಗೂಢಲಿಪೀಕರಣಕ್ಕೆ ಒಳಪಡಿಸಿದ್ದರೆ ಪ್ರತಿ ತೆಗೆಯಬಹುದು, ಓದಲಾಗದು. ಲಿನಕ್ಸಿನಲ್ಲಿ ಇದಕ್ಕೆ ಲಕ್ಸ್ ಎಂಬ ವ್ಯವಸ್ಥೆ ಇದೆ. ಪ್ರತಿಸಲ ಯಂತ್ರ ಚಾಲೂ ಮಾಡುವಾಗ ಒಂದು ಪಾಸ್‌ವರ್ಡನ್ನು ಯಾರಾದರೂ ಹಾಕುತ್ತಿದ್ದರೆ ಅದೇ ಇದರ ಕೀಲಿ ಇರಬಹುದು. ಅದು ರೂಟ್ ಪಾಸ್‌ವರ್ಡಿಗಿಂತ ಬೇರೆ. ಅದು ತಿಳಿದಿದ್ದರೆ ಚಿಂತೆಯಿಲ್ಲ.

ಎರಡು ಅಥವಾ ಹೆಚ್ಚು ಡಿಸ್ಕುಗಳನ್ನು ಸೇರಿಸಿದ ರೇಡ್ ವ್ಯವಸ್ಥೆಯಿದ್ದರೆ ಡಿಸ್ಕುಗಳನ್ನು ಬಿಚ್ಚದೆ, ಅದೇ ಯಂತ್ರದಲ್ಲಿ, ಅದರ ಕಂಟ್ರೋಲರ್ ಮೂಲಕವೇ ಒಟ್ಟಾಗಿ ಪ್ರತಿ ತೆಗೆಯುವುದು ಕ್ಷೇಮ.

ಯಂತ್ರ ಬೇರೆ ಊರಿನ ಬಾಡಿಗೆ ಸರ್ವರ್ ಕೇಂದ್ರದಲ್ಲಿದ್ದರೆ ಪೆನ್‌ಡ್ರೈವ್ ಹಾಕುವ ಅವಕಾಶವಿಲ್ಲ. ಆಗ ಸೇವಾದಾರರನ್ನೇ ಲಿಖಿತವಾಗಿ ಕೇಳಬೇಕು. ಅವರಿಂದಲೂ ಆಗದಿದ್ದರೆ, ನಮ್ಮ ಖಾತೆಗೆ ಓದಲು ಅನುಮತಿ ಇರುವ ಕಡತಗಳನ್ನೂ, ಲೆಕ್ಕದ ತಂತ್ರಾಂಶದ ಸ್ವಂತ ಅಧಿಕಾರದಿಂದ ಹೊರತೆಗೆಯಬಹುದಾದ ದತ್ತಾಂಶವನ್ನೂ ತಂದು, ಹೊಸ ವರ್ಚುವಲ್ ಯಂತ್ರದಲ್ಲಿ ಲಿನಕ್ಸ್ ಮತ್ತು ತಂತ್ರಾಂಶವನ್ನು ಮೊದಲಿನಿಂದ ಹಾಕಿ ಅದನ್ನು ತುಂಬಬೇಕು. ಇದು ಪರಿವರ್ತನೆಯಲ್ಲ, ಪುನರ್ನಿರ್ಮಾಣ. ಇದರಲ್ಲಿ ಸಣ್ಣಪುಟ್ಟದ್ದು ಬಿಟ್ಟುಹೋಗುವ ಸಂಭವ ಹೆಚ್ಚು.

ಇಮೇಜಿನಿಂದ ವರ್ಚುವಲ್ ಯಂತ್ರ

ಹೊಸ ಯಂತ್ರದಲ್ಲಿ 16 ಜಿಬಿ ಮೆಮೊರಿ, ವೇಗದ ಎಸ್‌ಎಸ್‌ಡಿ ಇದ್ದರೆ ಸಣ್ಣ ಸಂಸ್ಥೆಗೆ ಸಾಕು. ಅದರ ಬಯೋಸ್‌ನಲ್ಲಿ ವರ್ಚುವಲೈಸೇಷನ್ ಸೌಲಭ್ಯ ಚಾಲೂ ಇರಬೇಕು. ಮೊದಲ ಇಮೇಜನ್ನು ಮುಟ್ಟದೆ ಭದ್ರವಾಗಿಟ್ಟು, ಅದರ ಎರಡನೆಯ ಪ್ರತಿಯ ಮೇಲೆ ಕೆಲಸ ಮಾಡಬೇಕು. ಆ ಪ್ರತಿಯನ್ನು ಕ್ಯೂಎಮು ಎಂಬ ಉಚಿತ ಉಪಕರಣದಿಂದ ಬೇಕಾದ ರೂಪಕ್ಕೆ, ಅಂದರೆ ವರ್ಚುವಲ್‌ಬಾಕ್ಸಿಗೆ ವಿಡಿಐ, ವಿಎಂವೇರ್‌ಗೆ ವಿಎಂಡಿಕೆ, ಕೆವಿಎಂಗೆ ಕ್ಯೂಕೌ 2 ರೂಪಕ್ಕೆ, ಬದಲಾಯಿಸಬಹುದು.

ಮೊದಲ ಸಲ ಚಾಲೂ ಮಾಡುವಾಗ ತೊಡಕುಗಳು ಬರುವುದು ಸಹಜ. ಅವುಗಳಲ್ಲಿ ಹೆಚ್ಚಿನವನ್ನು ಒಳಗಿನ ಲಿನಕ್ಸನ್ನು ಮುಟ್ಟದೆ, ಅಂದರೆ ರೂಟ್ ಇಲ್ಲದೆಯೇ, ಹೊರಗಿನ ಹೊಂದಾಣಿಕೆಯಿಂದ ಬಗೆಹರಿಸಬಹುದು.

1. ಡಿಸ್ಕ್ ಸಿಗಲಿಲ್ಲವೆಂದು ನಿಂತರೆ, ವರ್ಚುವಲ್ ಯಂತ್ರದ ಡಿಸ್ಕ್ ಕಂಟ್ರೋಲರನ್ನು ಹಳೆಯ ಯಂತ್ರದಲ್ಲಿದ್ದಂತೆ ಐಡಿಇ ಅಥವಾ ಸಾಟಾ ಎಂದು ಬದಲಿಸಿ ನೋಡಬೇಕು.

2. ಪರದೆ ಖಾಲಿಯಾಗಿಯೇ ಉಳಿದರೆ, ಹಳೆಯ ಯಂತ್ರ ಬಯೋಸ್ ಮಾದರಿಯದೋ ಯುಇಎಫ್‌ಐ ಮಾದರಿಯದೋ ಎಂದು ನೋಡಿ ಅದನ್ನೇ ಆರಿಸಬೇಕು.

3. ನೆಟ್‌ವರ್ಕ್ ಬಾರದಿದ್ದರೆ, ಸೆಂಟ್‌ಓಎಸ್ 6ರಂಥ ಆವೃತ್ತಿಗಳು ಹಳೆಯ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸವನ್ನು ನೆನಪಿಟ್ಟುಕೊಂಡಿರುತ್ತವೆ. ಅದೇ ವಿಳಾಸವನ್ನು ವರ್ಚುವಲ್ ಕಾರ್ಡಿಗೆ ಕೊಟ್ಟರೆ ಸಾಕು. ಆದರೆ ಹಳೆಯ ಯಂತ್ರ ಮತ್ತು ಹೊಸ ಯಂತ್ರ ಒಂದೇ ಜಾಲದಲ್ಲಿ ಏಕಕಾಲಕ್ಕೆ ಚಾಲೂ ಇರಬಾರದು.

4. ಲೆಕ್ಕದ ತಂತ್ರಾಂಶಕ್ಕೆ ಡಾಂಗಲ್ ಇದ್ದರೆ ಅದನ್ನು ಹೊಸ ಯಂತ್ರಕ್ಕೆ ಚುಚ್ಚಿ ವರ್ಚುವಲ್ ಯಂತ್ರಕ್ಕೆ ಒಪ್ಪಿಸಬಹುದು. ಪರವಾನಗಿಯ ಕರಾರು ಇದಕ್ಕೆ ಅವಕಾಶ ಕೊಡುತ್ತದೆಯೇ ಎಂದು ಮೊದಲು ವಿಚಾರಿಸಬೇಕು.

ದಿವಾಣಜಿಯವರ ಹಳೆಯ ಪಾಸ್‌ವರ್ಡ್ ವರ್ಚುವಲ್ ಯಂತ್ರದಲ್ಲಿಯೂ ನಡೆಯುತ್ತದೆ. ಆದರೂ ಮುಂದಿನ ಉಸ್ತುವಾರಿಗೆ ರೂಟ್ ಬೇಕೇ ಬೇಕು. ಕೆಲಸದ ಪ್ರತಿಯನ್ನು ರಕ್ಷಣಾ ಡಿಸ್ಕಿನಿಂದ ಚಾಲೂ ಮಾಡಿ ಹೊಸ ರೂಟ್ ಪಾಸ್‌ವರ್ಡ್ ಹಾಕಬಹುದು. ಇದನ್ನು ಮಾಲೀಕರ ಸಮಕ್ಷಮದಲ್ಲಿ ಮಾಡಿ, ಮಾಡಿದ ವೇಳೆಯನ್ನು ಟಿಪ್ಪಣಿಯಲ್ಲಿ ಬರೆದಿಡಬೇಕು.

ತಾಳೆಯಾಗದೆ ಕೆಲಸ ಮುಗಿಯದು

ವರ್ಚುವಲ್ ಯಂತ್ರ ಚಾಲೂ ಆಯಿತೆಂದು ತಂತ್ರಜ್ಞರು ಹೇಳಿದಲ್ಲಿಗೆ ಮಾಲೀಕರ ಕೆಲಸ ಆರಂಭವಾಗುತ್ತದೆ. ಮೊದಲೇ ಮುದ್ರಿಸಿಟ್ಟ ತಾಳೆಪಟ್ಟಿ, ದಾಸ್ತಾನು, ಬಾಕಿದಾರರ ಪಟ್ಟಿ, ಕೊನೆಯ ವೋಚರ್ ಸಂಖ್ಯೆಗಳನ್ನು ಹೊಸ ಯಂತ್ರದಿಂದ ಮತ್ತೆ ಮುದ್ರಿಸಿ ರೂಪಾಯಿ ಪೈಸೆವರೆಗೆ ಹೋಲಿಸಬೇಕು. ಹಿಂದಿನ ಪ್ರತಿ ವರ್ಷದ ಕೆಲವು ಬಿಲ್ಲುಗಳನ್ನು ತೆರೆದು ನೋಡಬೇಕು. ಹಾನಗಲ್ಲಿನ ಉಗ್ರಾಣದಿಂದ ಒಂದು ನಮೂದು ಹಾಕಿಸಿ ಹಿರೇಕೆರೂರಿನಲ್ಲಿ ಕಾಣುತ್ತದೆಯೇ ಎಂದು ಪರೀಕ್ಷಿಸಬೇಕು. ಎಲ್ಲವೂ ಸರಿಬಂದ ಮೇಲೂ ಹಳೆಯ ಡಿಸ್ಕನ್ನು ಒಂದು ಲೆಕ್ಕ ಪರಿಶೋಧನೆ ಮುಗಿಯುವವರೆಗೆ ಗುಜರಿಗೆ ಹಾಕಬಾರದು.

ಇಮೇಜಿನ ಒಂದು ಪ್ರತಿ ಬೇರೆ ಊರಿನಲ್ಲಿರಲಿ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ಬೆಲೆ ಕುಸಿದಾಗ ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ದಾಳಿ ನಡೆದು ವಾಹನಗಳಿಗೆ ಬೆಂಕಿ ಬಿದ್ದುದನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ಒಂದೇ ಕೋಣೆಯಲ್ಲಿ ಮೂರು ಪ್ರತಿ ಇಟ್ಟರೆ ಅದು ಒಂದೇ ಪ್ರತಿಗೆ ಸಮ.

ವರ್ಚುವಲ್ ಯಂತ್ರವಾದ ಮಾತ್ರಕ್ಕೆ ಹಳೆಯ ಲಿನಕ್ಸಿನ ದೋಷಗಳು ಹೋಗುವುದಿಲ್ಲ ಎಂಬುದೂ ನೆನಪಿರಲಿ. ಸೆಂಟ್‌ಓಎಸ್ 6ಕ್ಕೆ ಸುರಕ್ಷಾ ತಿದ್ದುಪಡಿ ನಿಂತದ್ದು 2020ರ ನವೆಂಬರ್ 30ರಂದು. ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ರಂದು. ಅಂಥ ಯಂತ್ರವನ್ನು ಅಂತರ್ಜಾಲದಿಂದ ದೂರವಿಟ್ಟು, ಹಳೆಯ ಲೆಕ್ಕ ನೋಡಲು ಮಾತ್ರ ಬಳಸಿ, ಹೊಸ ವರ್ಷದ ಲೆಕ್ಕವನ್ನು ಹೊಸ ವ್ಯವಸ್ಥೆಯಲ್ಲಿ ಆರಂಭಿಸುವುದು ವಿವೇಕ.

ಕೊನೆಯ ಮಾತು

ರಾಜ್ಯದ ತಾಲೂಕು ಕಚೇರಿಗಳಲ್ಲಿ ಭೂಮಿ ಯೋಜನೆಯ ಮೂಲಕ ಪಹಣಿಗಳು ಗಣಕೀಕರಣಗೊಂಡಾಗ, ದಾಖಲೆ ತಿದ್ದುವ ಅಧಿಕಾರಿಯ ಗುರುತಿಗೆ ಬೆರಳಚ್ಚಿನ ವ್ಯವಸ್ಥೆ ಮಾಡಲಾಗಿತ್ತು. ಯಾರು ತಿದ್ದಿದರು ಎಂಬುದಕ್ಕೆ ಆಮೇಲೆ ನಿರಾಕರಣೆ ಇರಬಾರದೆಂಬುದೇ ಅದರ ತತ್ವ. ಸಣ್ಣ ಸಂಸ್ಥೆಗಳಿಗೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಹೊಸ ರೂಟ್ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು, ಲಕೋಟೆಯಲ್ಲಿಟ್ಟು ಅರಗು ಹಾಕಿ, ಮೇಲೆ ಇಬ್ಬರು ಪಾಲುದಾರರ ಸಹಿ ಮಾಡಿ ಬ್ಯಾಂಕಿನ ಲಾಕರಿನಲ್ಲಿ ಇಡಬಹುದು. ಲಕೋಟೆ ಒಡೆದ ಪ್ರತಿಸಲವೂ ಪಾಸ್‌ವರ್ಡ್ ಬದಲಿಸಿ ಹೊಸ ಲಕೋಟೆ ಮಾಡಬೇಕು. ತಂತ್ರಜ್ಞರೊಂದಿಗಿನ ಕರಾರಿನಲ್ಲಿ, ಕೆಲಸ ಬಿಡುವಾಗ ಎಲ್ಲ ಪಾಸ್‌ವರ್ಡ್‌ಗಳನ್ನು ಲಿಖಿತವಾಗಿ ಒಪ್ಪಿಸಿದ ಮೇಲೆಯೇ ಕೊನೆಯ ಕಂತಿನ ಹಣ ಎಂಬ ಷರತ್ತು ಸೇರಿಸಬೇಕು.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ: ನಾಳೆ ಅಂಗಡಿ ತೆರೆದ ಕೂಡಲೆ ನಿಮ್ಮ ಸರ್ವರಿನ ರೂಟ್ ಪಾಸ್‌ವರ್ಡ್ ಯಾರ ಬಳಿ ಇದೆ ಎಂದು ವಿಚಾರಿಸಿರಿ. ಉತ್ತರ ಸಿಗದಿದ್ದರೆ, ಡಿಸ್ಕ್ ಸರಿಯಾಗಿ ತಿರುಗುತ್ತಿರುವಾಗಲೇ ಮೇಲೆ ಹೇಳಿದ ಲಿಖಿತ ಅನುಮತಿಗೆ ಪಾಲುದಾರರ ಸಹಿ ಪಡೆದು ಕೆಲಸ ಆರಂಭಿಸಿರಿ. ಕೆಟ್ಟ ಡಿಸ್ಕಿನಿಂದ ಲೆಕ್ಕ ಎತ್ತಿಸುವುದಕ್ಕಿಂತ ಇದರ ಖರ್ಚು ಬಹಳ ಕಡಿಮೆ.